ಒಂಬತ್ತು ತೂತು, ಎಂಟು ಮೆಂಬರು

ಮಂದಿ ಕಡಿಮೆಯಾದಷ್ಟೂ ನಗುವ ಪ್ರಸಂಗಗಳು ಹೆಚ್ಚಾಗುತ್ತವೆ. ಇದು ನಮ್ಮ ಕ್ಲಬ್ಬಿನಲ್ಲಿ ಗುಮಾಸ್ತಿಕೆ ಮಾಡಿ ನಾನು ಕಲಿತ ಮಾತು. ಗಡಹಿಂಗ್ಲಜದ ಹೊರಗೆ, ಮಾಳದ ಮೇಲೆ, ನಮ್ಮದೊಂದು ಸಣ್ಣ ಗೋಲ್ಫ್ ಕ್ಲಬ್ಬು. ಒಂದು ಕಾಲಕ್ಕೆ ಐತವಾರ ಬಂತೆಂದರೆ ಕೊಲ್ಲಾಪುರದಿಂದ, ಇಚಲಕರಂಜಿಯಿಂದ ಗಾಡಿಗಳು ಸಾಲುಗಟ್ಟುತ್ತಿದ್ದವು. ಚಹಾದ ಒಲೆ ಆರುತ್ತಿರಲಿಲ್ಲ. ಈಗ ಉಳಿದ ಸದಸ್ಯರು ಎಂಟೇ ಮಂದಿ. ಆದರೂ ನಾನು ಎಲ್ಲ ಕುರ್ಚಿಗಳನ್ನೂ ಒರೆಸಿಡುತ್ತೇನೆ. ಯಾರಾದರೂ ಬಂದಾರು.

ತೂತಿನ ತಕರಾರು

ಹೊಸ ಸದಸ್ಯರನ್ನು ಹುಡುಕುತ್ತ ನಾನೂ ನಮ್ಮ ಕಾರ್ಯದರ್ಶಿ ಸಾಹೇಬರೂ ಇಚಲಕರಂಜಿಯ ಶಹಾಪುರಕ್ಕೆ ಹೋದೆವು. ಅಲ್ಲೊಬ್ಬರು ಮಗ್ಗದ ಮಾಲಕರು. ಮಗ್ಗಗಳ ಖಟಪಟದಲ್ಲಿ ನಮ್ಮ ಮಾತು ನಮಗೇ ಕೇಳದು. ಸಾಹೇಬರು ಅವರ ಕಿವಿಗೆ ಬಾಯಿ ಹಚ್ಚಿ, ಚೆಂಡು ಬೀಳುವ ಕುಳಿಗಳ ಬಗ್ಗೆ ಅಭಿಮಾನದಿಂದ ಕೂಗಿದರು: "ನಮ್ಮಲ್ಲೆ ಒಂಬತ್ತು ತೂತ ಅದಾವ್ರಿ!"

ಮಾಲಕರ ಮುಖ ಬಿಳಿಚಿತು. "ಒಂಬತ್ತ? ಯಾವ ಬಟ್ಟಿ ಥಾನದಾಗ್ರಿ?"

"ಮಾಳದ ಮ್ಯಾಲೆ! ನೀವ ಬಂದು ನೋಡ್ರಿ!"

"ನೋಡೂದೇನೈತ್ರಿ? ಬಟ್ಟಿ ವಾಪಸ್ ಕಳಸ್ರಿ, ಬದಲಿ ಕೊಡ್ತೇನಿ!"

ಹೊರಗೆ ಕರೆದುಕೊಂಡು ಬಂದು ತಿಳಿಸಿ ಹೇಳಿದೆವು. ನಕ್ಕರು, ಚಹಾ ಕುಡಿಸಿದರು, ಅರ್ಜಿ ಮಾತ್ರ ತುಂಬಲಿಲ್ಲ. "ನನಗ ಒಂದು ತೂತಂದ್ರ ಎದಿ ಒಡೀತೈತ್ರಿ. ಒಂಬತ್ತಕ್ಕ ರೊಕ್ಕಾ ಕೊಟ್ಟು ಬರ್ಲೇನು?"

ದಿನಾ ಬರುವವರು

ಹುಲ್ಲು ಕತ್ತರಿಸುವ ಯಂತ್ರ ಕೆಟ್ಟಿತು. ದುರಸ್ತಿಗೆ ದುಡ್ಡಿರಲಿಲ್ಲ. ಪಕ್ಕದ ಹಳ್ಳಿಯ ಕುರಿ ಕಾಯುವ ಅಜ್ಜನನ್ನು ಕೇಳಿಕೊಂಡೆ. ಹಿಂಡು ತಂದು ಬಿಟ್ಟ. ಎರಡೇ ವಾರದಲ್ಲಿ ಮೈದಾನ ಚಾಪೆಯಂತಾಯಿತು. ಅಷ್ಟರಲ್ಲಿ ನಮ್ಮ ಎಂಟು ಮಂದಿಯಲ್ಲೊಬ್ಬರು, ಕೊಲ್ಲಾಪುರದ ವ್ಯಾಪಾರಿಗಳು, ವರ್ಷದ ಮೇಲೆ ಆಡಲು ಬಂದರು. ಅವರ ಬಿಳಿ ಬೂಟು ನೆಟ್ಟಗೆ ಹಿಕ್ಕೆಯ ಮೇಲೆ ಬಿತ್ತು.

"ಅರೇ, ಹೇ ಕಾಯ್, ಏನಿದು? ಕುರಿಗೋಳ್ನೂ ಮೆಂಬರ್ ಮಾಡ್ಕೊಂಡೀರೇನ?"

ಅಜ್ಜ ಹೆಗಲ ಕಂಬಳಿ ಸರಿಮಾಡಿಕೊಂಡ. "ಸಿಟ್ಟ ಆಗಬ್ಯಾಡ್ರಿ ಸಾಹೇಬ್ರ. ಇವು ದಿನಾ ಬರ್ತಾವ್ರಿ. ನೀವು ಹೊಸಬ್ರೇನ್ರಿ?"

ಹಂದರ

ಆಜರಾ ಕಡೆಯ ಗೋಡಂಬಿ ವ್ಯಾಪಾರಿಯೊಬ್ಬರಿಗೆ ಮಗಳ ಲಗ್ನಕ್ಕೆ ಮೈದಾನವನ್ನು ಬಾಡಿಗೆಗೆ ಕೊಟ್ಟೆವು. ಎಷ್ಟೋ ವರ್ಷದ ಮೇಲೆ ನಮ್ಮ ಕುರ್ಚಿಗಳೆಲ್ಲ ತುಂಬಿದವು. ಮಂದಿಯ ಗದ್ದಲ ಕೇಳುತ್ತ ಸುಮ್ಮನೆ ನಿಂತುಬಿಟ್ಟೆ. ಆಮೇಲೆ ಕಣ್ಣಿಗೆ ಬಿತ್ತು: ಚೆಂಡು ಉರುಳಿಸಿ ಅಭ್ಯಾಸ ಮಾಡುವ ಜಾಗದಲ್ಲಿ ಹತ್ತಿರ ಹತ್ತಿರ ನಾಲ್ಕು ಕುಳಿಗಳಿವೆ, ನಾಲ್ಕರಲ್ಲೂ ಲಗ್ನದ ಚಪ್ಪರ ಹಾಕುವ ಹಂದರದವನು ಕಂಬ ಊರಿದ್ದ. ಗಾಬರಿಯಾಗಿ ಓಡಿದೆ. ಅವನು ಎರಡೂ ಕೈ ಮುಗಿದ.

"ಭಾಳ ಉಪಕಾರ ಆತ್ರಿ. ಎಷ್ಟೋ ಕಡೆ ಹಂದರ ಹಾಕೇನಿ, ಹಿಂಗ ಮೊದಲ ಕುಣಿ ತೋಡಿ ಇಟ್ಟವರು ಯಾರೂ ಇಲ್ರಿ!"

ಒಂಬತ್ತನೆಯವನು

ಕೊನೆಗೆ ಕ್ಲಬ್ಬು ಮುಚ್ಚಲು ಸಭೆ ಕರೆದರು. ನಿಯಮದ ಪ್ರಕಾರ ಅದಕ್ಕೆ ಒಂಬತ್ತು ಸದಸ್ಯರು ಇರಬೇಕು, ಒಬ್ಬರೂ ಬೇಡ ಅನ್ನಬಾರದು. ಇದ್ದವರು ಎಂಟು. ಅವರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಚಹಾದ ತಾಟು ಹಿಡಿದು ನಿಂತ ನನ್ನ ಮುಖ ನೋಡಿದರು.

"ಇಂವನ್ನ ಮಾಡೂಣು," ಅಂದರು ಎಂಟು ಮಂದಿಯಲ್ಲಿ ಹಿರಿಯರಾದ ಡಾಕ್ಟರು.

ಇಪ್ಪತ್ತು ವರ್ಷ ಇನ್ನೊಬ್ಬರ ಅರ್ಜಿ ತುಂಬಿದವನು ನಾನು. ಎಲ್ಲರೂ ಹೋದ ಮೇಲೆ ಅವರ ಕೋಲುಗಳನ್ನು ಒರೆಸುತ್ತ, ಒಮ್ಮೆ ಬೀಸಿದರೆ ಹೇಗಿದ್ದೀತು ಅಂದುಕೊಳ್ಳುತ್ತಿದ್ದೆ. ಬೀಸುವ ಧೈರ್ಯ ಆಗಿರಲಿಲ್ಲ. ಅರ್ಜಿಯಲ್ಲಿ ನನ್ನದೇ ಹೆಸರು ಬರೆದು, ಎರಡು ಸಲ ಓದಿಕೊಂಡೆ. ಕಾರ್ಯದರ್ಶಿ ಸಾಹೇಬರು ಕೈಕುಲುಕಿ ನನ್ನನ್ನು ತಮ್ಮ ಪಕ್ಕದಲ್ಲಿ ಕೂಡಿಸಿಕೊಂಡು ಸಭೆಯನ್ನು ಕೇಳಿದರು:

"ಕ್ಲಬ್ ಮುಚ್ಚಾಕ ಯಾರದರ ತಕರಾರು ಐತೇನು?"

ನೋಡಿದರೆ ನನ್ನ ಕೈ ಮೇಲಿತ್ತು.

"ಅಲ್ಲೋ ಮಾರಾಯಾ, ನಿನ್ನ ಮೆಂಬರ್ ಮಾಡಿದ್ದ ಮುಚ್ಚಾಕ!"

"ಹೌದ್ರಿ ಸಾಹೇಬ್ರ. ಆದ್ರ ನಾ ಈಗಷ್ಟ ಸೇರೇನಿ. ಒಂದ ಆಟಾನೂ ಆಡಿಲ್ರಿ."

ಡಾಕ್ಟರು ನಗಲು ಹೋಗಿ ಕೆಮ್ಮಿದರು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಯಾರಿಗೂ ಮುಚ್ಚುವ ಮನಸ್ಸಿರಲಿಲ್ಲ ಅನ್ನುವುದು ಆಗ ಗೊತ್ತಾಯಿತು. ಠರಾವನ್ನು ತಿದ್ದಿ ಬರೆದರು: ಹೊಸ ಸದಸ್ಯ ಒಂದು ಪೂರ್ತಿ ಆಟ ಮುಗಿಸಿದ ಮೇಲೆಯೇ ಕ್ಲಬ್ಬು ಮುಚ್ಚತಕ್ಕದ್ದು.

ಮುಂದಿನ ಐತವಾರ ಎಂಟೂ ಮಂದಿ ಮನೆಯವರ ಸಮೇತ ನನ್ನ ಆಟ ನೋಡಲು ಬಂದರು. ಬೀಸಿದೆ, ಮಣ್ಣು ಹಾರಿತು. ಮತ್ತೆ ಬೀಸಿದೆ, ನನ್ನ ಟೋಪಿ ಹಾರಿತು. ಚೆಂಡು ಕೂತಲ್ಲೇ ಕೂತಿತ್ತು. ಹೊತ್ತು ಮುಳುಗಿದರೂ ನಾನು ಮೊದಲನೆಯ ಕುಳಿ ಮುಟ್ಟಿರಲಿಲ್ಲ.

ಡಾಕ್ಟರು ಕಾರ್ಯದರ್ಶಿ ಸಾಹೇಬರ ಹೆಗಲು ತಟ್ಟಿದರು. "ಚಿಂತಿ ಬಿಡ್ರಿ. ಇಂವ ಆಡೂದು ನೋಡಿದ್ರ, ನಾವೆಲ್ಲಾ ಹೋದ ಮ್ಯಾಲೂ ಕ್ಲಬ್ ಮುಚ್ಚೂದಿಲ್ಲ!"