ಮಾವ ತೋರಿಸಿದ ಸಂಗೀತ

ದುರ್ಗದಲ್ಲಿ ಸಂಗೀತ ಹುಟ್ಟಿದ್ದೇ ನಮ್ಮ ಸೋದರಮಾವನ ಅಪ್ಪಣೆ ಪಡೆದು ಎಂದರೆ ನೀವು ನಗಬಹುದು. ಅವರ ಜೊತೆ ಒಂದು ದಿನ ಊರು ಸುತ್ತಿದ್ದರೆ ನೀವೂ ನಂಬುತ್ತಿದ್ದಿರಿ. ನಂಬದೆ ಬಿಡಿಸಿಕೊಂಡು ಬಂದವರನ್ನು ನಾನಂತೂ ಕಂಡಿಲ್ಲ! ಅರಳೆಯ ವ್ಯಾಪಾರ ಅವರದು. ಪರವೂರಿನವರು ಸಿಕ್ಕರೆ ಸಾಕು, ಅಂಗಡಿ ಬಿಟ್ಟು, "ಬರ್ರಿ, ನಮ್ಮೂರ ಸಂಗೀತ ತೋರಿಸ್ತೀನಿ" ಎಂದು ಎಳೆದುಕೊಂಡು ಹೊರಡುತ್ತಿದ್ದರು. ಸಂಗೀತವನ್ನು ತೋರಿಸುವುದೇ? ಮತ್ತೇನು ಮಾಡಬೇಕು, ಹಾಡಲು ಬರುತ್ತಿರಲಿಲ್ಲವಲ್ಲ!

ಈ ಸುತ್ತಾಟಕ್ಕೊಂದು ಕಟ್ಟಳೆ: ಎಂಟು ಹೆಜ್ಜೆಗೊಂದು ಚಪ್ಪಾಳೆ. ಒಬ್ಬರು ತಪ್ಪಿದರೂ ಎಲ್ಲರೂ ಕೋಟೆ ಬಾಗಿಲಿಗೆ ವಾಪಸು. ಹೊಳಲ್ಕೆರೆಯ ಸಾಹುಕಾರರೊಬ್ಬರು ಮೂರು ಸಲ ತಪ್ಪಿ, ಕೈಮುಗಿದರು.

"ನಾನು ಅರಳೆ ಕೊಳ್ಳಾಕೆ ಬಂದೋನು, ಬಿಟ್ಬಿಡ್ರಿ."

"ತಾಳ ಬರದೋರು ತಕ್ಕಡಿ ಹೆಂಗ್ರಿ ಹಿಡೀತೀರಿ?"

ಆಮೇಲೆ ಬುರುಜಿನ ಕಲ್ಲಿಗೆ ಕಿವಿ ಇಡಿಸುವುದು. "ಪಾಳೇಗಾರರ ನಗಾರಿ ಇನ್ನೂ ಒಳಗೈತೆ, ಕೇಳ್ರಿ!" ಮಧ್ಯಾಹ್ನದ ಬಿಸಿಲಿಗೆ ಕಾದ ಕಲ್ಲು. ಕಿವಿ ಸುಟ್ಟುಕೊಂಡವರೆಲ್ಲ ಒಂದೇ ಉಸಿರಿಗೆ "ಕೇಳಿಸ್ತು, ಕೇಳಿಸ್ತು!" ಎನ್ನುತ್ತಿದ್ದರು.

ಇಂಥ ಮಹಾನುಭಾವರ ಮನೆಯಲ್ಲಿ ಹೆಂಗಸರು ಹಾಡಕೂಡದು. ಮರ್ಯಾದಸ್ಥರ ಮನೆ ನೋಡಿ! ರಾಗಿ ಬೀಸುವಾಗ ಮಾತ್ರ ಅಡ್ಡಿಯಿಲ್ಲ. ಅದು ಹಾಡಲ್ಲ, ಕೆಲಸ ಎಂದು ಅವರ ತೀರ್ಪು. ಅವರ ಹೆಂಡತಿ, ನನ್ನನ್ನು ಸಾಕಿದ ಅತ್ತೆ, ಅವರಂಥ ಕಂಠ ಊರಲ್ಲೇ ಇರಲಿಲ್ಲ. ಹಾಡುವ ಆಸೆಗೆ ಅತ್ತೆ ಬೀಸಿದರು. ಮನೆಯ ರಾಗಿ ಮುಗಿದರೆ ಬೀದಿಯವರ ರಾಗಿ ತರಿಸಿ ಬೀಸಿದರು. ಅಂಗೈ ಬೊಬ್ಬೆಯೆದ್ದು ಒಡೆದರೂ ಬೀಸಿದರು. ಎದುರು ಕೂತು ಕಾಳು ಹಾಕುತ್ತಿದ್ದವಳು ನಾನು.

ಒಂದು ಬೆಳಿಗ್ಗೆ ಮಾವ ಹಿರಿಯೂರಿನ ಅಮಲ್ದಾರರನ್ನು ಕರೆದುಕೊಂಡು ನಮ್ಮ ಬೀದಿಯಲ್ಲೇ ಬಂದರು. ಒಳಗೆ ಅತ್ತೆ ಬೀಸುತ್ತ ಹಾಡುತ್ತಿದ್ದರು. ಅಮಲ್ದಾರರು ನಮ್ಮ ಕಿಟಕಿಯ ಹೊರಗೆ ನಿಂತುಬಿಟ್ಟರು. "ಅಬ್ಬಾ! ಯಾರ್ರೀ ಹಾಡ್ತಿರೋದು?"

ಅತ್ತೆಯ ಕೈ ನಿಂತಿತು. ನನಗೆ ಹೆಮ್ಮೆಯಿಂದ ಮೈ ಜುಮ್ಮೆಂದಿತು.

"ಯಾರೋ ಬೀಸೋ ಕೂಲಿ ಹೆಂಗಸು. ಹೋಗಾಣ ಬರ್ರಿ" ಎಂದರು ಮಾವ. ಎಂಟು ಹೆಜ್ಜೆಗೆ ಸರಿಯಾಗಿ ಚಪ್ಪಾಳೆಯೂ ಬಿತ್ತು!

ಅಂದಿನಿಂದ ಮನೆಯಲ್ಲಿ ಬೀಸುಕಲ್ಲಿನ ಸದ್ದೊಂದೇ. ನಾಲ್ಕು ದಿನ ನೋಡಿ ಮಾವನೇ ಕೇಳಿದರು, "ಏನೇ, ಪದ ಗಿದ ಇಲ್ವಾ?"

"ಕೂಲಿಯೋಳಿಗೆ ಬಾಯಿ ಯಾಕ್ರೀ?" ಎಂದರು ಅತ್ತೆ. ಮಾವನಿಗೆ ಬಡಿಸುವಾಗ ನಾನು ಅವರ ಮುಖ ನೋಡುವುದನ್ನೇ ಬಿಟ್ಟೆ.

ಮುಂದಿನ ಸುಗ್ಗಿಗೆ ಪ್ಲೇಗು ಬಂತು. ಊರಿಗೆ ಊರೇ ಜೋಗಿಮಟ್ಟಿ ಗುಡ್ಡದ ಕಡೆ ಗುಡಿಸಲು ಹಾಕಿಕೊಂಡಿತು. ಅತ್ತೆಗೆ ಜ್ವರ ಹತ್ತಿ ಕಂಕುಳಲ್ಲಿ ಗಡ್ಡೆ ಎದ್ದಿತು. ಹತ್ತಿರ ಹೋಗುವ ಧೈರ್ಯ ಯಾರಿಗೂ ಬರಲಿಲ್ಲ. ನಾನೂ ಬಾಗಿಲಲ್ಲೇ ನಿಂತೆ, ಸುಳ್ಳೇಕೆ ಹೇಳಲಿ? ಮಾವ ಒಳಗೆ ಹೋದರು. ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹುಟ್ಟಿದಾಗಿನಿಂದ ಹಾಡದವರು ಬೀಸೋ ಪದ ಹಾಡತೊಡಗಿದರು. ಕತ್ತೆಯೂ ನಾಚಬೇಕು, ಹಾಗಿತ್ತು!

ಅತ್ತೆ ಕಣ್ಣು ಬಿಟ್ಟು ನಕ್ಕರು. "ಸುರುತಿ ತಪ್ಪೈತೆ ಕಣ್ರೀ."

"ಗೊತ್ತು. ನೀನೇ ಹೇಳ್ಕೊಡು."

ಜೀವ ಹೋಗುವ ಮೊದಲು ಅತ್ತೆ ಒಂದೇ ಒಂದು ಸಾಲು ಹೇಳಿಕೊಟ್ಟರು.

ಮಾವ ಊರು ತೋರಿಸುವುದನ್ನು ಬಿಟ್ಟರು. ನಾನು ಅವರನ್ನು ಈಗಲೂ ಪೂರ್ತಿ ಕ್ಷಮಿಸಿಲ್ಲ. ಆದರೆ ಸಾಯುವ ತನಕ ಅವರು ಜಗಲಿಯಲ್ಲಿ ಕೂತು ಆ ಒಂದು ಸಾಲನ್ನು ಬೀದಿಗೆಲ್ಲ ಕೇಳುವಂತೆ ಹಾಡುತ್ತಿದ್ದರು. ದಾರಿಹೋಕರು ನಿಂತು "ಯಾರದ್ರೀ ಈ ಪದ?" ಎಂದರೆ, "ನನ್ನ ಹೆಂಡ್ತಿದು" ಎನ್ನುತ್ತಿದ್ದರು.