ಅಂಚು ಕತ್ತರಿಸಿದ ಡಬಲ್ ರೊಟ್ಟಿ

ಎಪ್ಪತ್ಮೂರು ವರ್ಷ ನಾನು ನನ್ನನ್ನು ಸುಸಂಸ್ಕೃತ ಹೆಂಗಸು ಎಂದೇ ನಂಬಿಕೊಂಡಿದ್ದೆ. ಬಾಗಿಲು ತಟ್ಟದೆ ಒಳಗೆ ಹೋಗಬಾರದು, ಯಾರನ್ನೂ ಪರ್ಸನಲ್ ಪ್ರಶ್ನೆ ಕೇಳಬಾರದು, ದುಃಖದಲ್ಲಿರುವವರಿಗೆ ಪ್ರೈವಸಿ ಕೊಡಬೇಕು; ಹೈದರಾಬಾದಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಹೇಳಿಕೊಟ್ಟ ಈ ಕಲ್ಚರನ್ನು ಮದುವೆಯ ಟ್ರಂಕಿನಲ್ಲಿ ಸೀರೆಗಳ ಜೊತೆ ಮಡಿಚಿಟ್ಟುಕೊಂಡು ಹುಮನಾಬಾದಿಗೆ ಬಂದೆ. ಈ ಊರ ಧೂಳಿನಲ್ಲಿ ಸೀರೆಗಳು ಮಾಸಿದವು, ಕಲ್ಚರನ್ನು ಮಾತ್ರ ಮಾಸಲು ಬಿಡಲಿಲ್ಲ.

ನನ್ನ ಲೆಕ್ಕದಲ್ಲಿ ಎದುರುಮನೆಯ ರತ್ನಾಬಾಯಿಗೆ ಸೊನ್ನೆ ಮಾರ್ಕು. ಗಂಡನಿಗೆ ಕಿರಾಣಿ ಅಂಗಡಿ, ಆಕೆಗೆ ಇಡೀ ಓಣಿಯೇ ಮನೆ. ಸೀದಾ ನನ್ನ ಅಡುಗೆಮನೆಗೆ ಬಂದು ಪಾತ್ರೆಯ ಮುಚ್ಚಳ ತೆಗೆದು, “ಇದೇನ್ರಿ ಮ್ಯಾಡಂ, ಬ್ಯಾಳಿಯೊಳಗ ನನ್ನ ಮಾರಿ ಕಾಣಾಕತ್ತದ!” ಅನ್ನುವರು. ತಡೆಯಲಾರದೆ ಕಾಲಿಂಗ್ ಬೆಲ್ ಹಾಕಿಸಿದೆ. ರತ್ನಾಬಾಯಿ ಹಿತ್ತಲ ಬಾಗಿಲಿನಿಂದ ಬಂದು, “ಬೆಲ್ ಛಲೋ ಅದ ನೋಡ್ರಿ, ಹೊರಗಿನವರಿಗಿ ಉಪಯೋಗ ಬರ್ತದ” ಎಂದರು.

ಆರು ವರ್ಷದ ಹಿಂದೆ ನಮ್ಮವರು ಹೋದಾಗಲೂ ಹೀಗೇ. ನಾನು ಕೋಣೆಯ ಬಾಗಿಲು ಹಾಕಿಕೊಂಡು ಡಿಗ್ನಿಟಿಯಿಂದ ಕೂತಿದ್ದರೆ, ಆಕೆ ತಟ್ಟೆ ಹಿಡಿದು ಒಳನುಗ್ಗಿ ತುತ್ತು ಕಲಸಿ ನನ್ನ ಬಾಯಿಯ ಮುಂದೆ ಹಿಡಿದರು. “ಹಸಿವಿಲ್ಲ” ಎಂದೆ. “ಹಸಿವಿನ ಮಾತ ಬಿಡ್ರಿ, ನನ್ನ ಕೈ ನೋಯಾಕತ್ತದ, ಬಾಯಿ ತೆರೀರಿ” ಎಂದರು. ತೆರೆದೆ.

ಹೋದ ತಿಂಗಳು ರತ್ನಾಬಾಯಿಯ ಗಂಡ ತೀರಿಕೊಂಡರು. ಮಣ್ಣು ಮಾಡಿದ ದಿನ ಹೋಗಿ ಕೈಮುಗಿದು ಬಂದೆ. ಆಮೇಲೆ, ನೀವು ಊಹಿಸಿದಂತೆ, ಪ್ರೈವಸಿ ಕೊಟ್ಟೆ. ಮನೆಯಲ್ಲಿ ಕೂತು ಇಂಗ್ಲಿಷಿನಲ್ಲಿ ಒಂದು ಕಂಡೋಲೆನ್ಸ್ ಲೆಟರ್ ಬರೆದೆ. ಆಕೆಗೆ ಇಂಗ್ಲಿಷ್ ಬರುವುದಿಲ್ಲವೆಂದು ನೆನಪಾಗಿ ಕನ್ನಡಕ್ಕಿಳಿಸಿದೆ. ಅದು ಕರೆಂಟ್ ಆಫೀಸಿನ ನೋಟೀಸಿನಂತಾಯಿತು, ಕಳಿಸಲಿಲ್ಲ. ಮೂರನೆಯ ದಿನ ಹಾಲಿನ ಗುಂಡಮ್ಮ ಹೇಳಿದಳು: “ಒಂದ್ ತುತ್ತೂ ಉಂಡಿಲ್ರಿ ಅವರು. ಬಂದವರಿಗೆಲ್ಲ ಮ್ಯಾಡಂ ಎಲ್ಲಿ, ಮ್ಯಾಡಂ ಎಲ್ಲಿ ಅಂತ ಕೇಳಾಕತ್ತಾರ.”

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನಂಟರು, ನೆರೆಯವರು ಬುತ್ತಿ ಒಯ್ದು ಉಣಿಸಬೇಕು. ಆದರೆ ಜೋಳದ ರೊಟ್ಟಿ ನನ್ನ ಕೈಯಲ್ಲಿ ಇವತ್ತಿಗೂ ದುಂಡಗಾಗುವುದಿಲ್ಲ. ಗಾಬರಿಯಲ್ಲಿ ಬೇಕರಿಯ ಡಬಲ್ ರೊಟ್ಟಿ ತರಿಸಿ, ಸವತೆಕಾಯಿ ಹೆಚ್ಚಿಟ್ಟು ಸ್ಯಾಂಡ್‌ವಿಚ್ ಮಾಡಿದೆ. ಆ ಗಾಬರಿಯಲ್ಲೂ ಅಂಚುಗಳನ್ನು ನೀಟಾಗಿ ಕತ್ತರಿಸಿದೆ.

ಹಾರುಹೊಡೆದ ಬಾಗಿಲನ್ನು ನಾನು ತಟ್ಟಿದಾಗ ಒಳಗಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಬಸವಕಲ್ಯಾಣದಿಂದ ಬಂದಿದ್ದ ರತ್ನಾಬಾಯಿಯ ನಾದಿನಿ ಡಬ್ಬಿ ತೆರೆದು, “ಅಯ್ಯ, ಡಬಲ್ ರೊಟ್ಟಿ! ಇದೇನ್ ದವಾಖಾನಿ ಅದಾ?” ಎಂದರು. ಪಕ್ಕದಲ್ಲೇ ದುಬಲಗುಂಡಿ ಊರಿನ ನಂಟರು ತಂದ ರೊಟ್ಟಿಗಳು ಯಾರೂ ಮುಟ್ಟದೆ ಬಿದ್ದಿದ್ದವು. ನಾಚಿಕೆಯಿಂದ ನಾನು ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಹೋದೆ.

ಗೋಡೆಗೆ ಒರಗಿ ಕೂತಿದ್ದ ರತ್ನಾಬಾಯಿ ಕೈ ಚಾಚಿದರು. “ಇಲ್ಲಿ ತರ್ರಿ.”

ಒಂದು ತುಂಡು ಎತ್ತಿ ತಿರುಗಿಸಿ ನೋಡಿದರು. “ಅಂಚ ಎಲ್ಲಿ ಹೋದವ್ರಿ?”

“ಕತ್ತರಿಸಿದೆ.”

“ಯಾಕ?”

ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಕೇಳಿರದ ಪ್ರಶ್ನೆ. “ಹಾಗೇ... ಮ್ಯಾನರ್ಸು” ಎಂದೆ.

“ಮ್ಯಾನರ್ಸಿಗಿ ಹಲ್ಲಿಲ್ಲೇನೋ ಪಾಪ” ಎಂದು ಬಾಯಿಗಿಟ್ಟುಕೊಂಡರು. ನಿಧಾನವಾಗಿ ಅಗಿದು ನುಂಗಿ, ನಾದಿನಿಗೆ ಕೇಳುವಂತೆ “ಛಲೋ ಅದ” ಎಂದು ಇನ್ನೊಂದನ್ನೂ ತಿಂದರು. ಆಮೇಲೆ ತಾವೇ ಒಂದು ರೊಟ್ಟಿ ಮುರಿದು ಪಲ್ಯ ಹಚ್ಚಿ, “ಮುಂಜಾನಿಂದ ನೀವೂ ಉಂಡಿಲ್ಲ, ಮಾರಿ ಹೇಳ್ತದ” ಎಂದು ನನ್ನ ಬಾಯಿಗಿಟ್ಟರು. ಸಾಂತ್ವನ ಹೇಳಲು ಹೋದ ನಾನು ಬಾಯಿತುಂಬ ತುತ್ತಿಟ್ಟುಕೊಂಡು ಗೊಳೋ ಎಂದು ಅತ್ತೆ. ಗಂಡನನ್ನು ಕಳೆದುಕೊಂಡಾಕೆ ನನ್ನ ಬೆನ್ನು ಸವರಿದರು.

ಏಳುವಾಗ ಅಭ್ಯಾಸಬಲದಿಂದ “ಬರ್ತೀನಿ” ಎಂದುಬಿಟ್ಟೆ. ಸಾವಿನ ಮನೆಯಿಂದ ಸುಮ್ಮನೆ ಎದ್ದು ಹೋಗಬೇಕು, ಬರ್ತೀನಿ ಅನ್ನುವುದು ಅಪಶಕುನ. ನಾದಿನಿ ಬಾಯಿಯ ಮೇಲೆ ಕೈಯಿಟ್ಟುಕೊಂಡರು.

“ಅಂದ್ರ ಅನ್ಲಿ ಬಿಡ್ರಿ ಅಕ್ಕಾ, ನಮ್ಮ ಮನೀಗಿ ಇನ್ನ ಯಾರೂ ಬರೋದ ಬ್ಯಾಡೇನು?” ಎಂದು ರತ್ನಾಬಾಯಿ ನನ್ನ ಕಡೆ ತಿರುಗಿದರು. “ನಾಳಿ ಬರ್ರಿ ಮ್ಯಾಡಂ. ಬರುವಾಗ ಒಂದೀಟು ಉಪ್ಪು ಹಾಕ್ಕೊಂಡು ಬರ್ರಿ.”

ಮನೆಗೆ ಬಂದು ಡಬ್ಬಿಯಲ್ಲಿ ಉಳಿದ ತುಂಡೊಂದನ್ನು ತಿಂದು ನೋಡಿದೆ. ಉಪ್ಪಿಲ್ಲ, ಖಾರವಿಲ್ಲ, ಒದ್ದೆ ಕಾಗದ ಅಗಿದಂತಿತ್ತು. ಅಂಥದ್ದನ್ನು ಆಕೆ ಎರಡು ತಿಂದಿದ್ದರು, ನನ್ನ ಮುಖ ನೋಡುತ್ತ. ಅವರ ಜಾಗದಲ್ಲಿ ನಾನಿದ್ದಿದ್ದರೆ “ನೋ, ಥ್ಯಾಂಕ್ ಯೂ” ಅನ್ನುತ್ತಿದ್ದೆ, ಅದೂ ಎಷ್ಟು ಚೆಂದದ ಉಚ್ಚಾರಣೆಯಲ್ಲಿ!