ಕಿವಿ ಮಿಷಿನ್ನಿನ ಸರ್ವೀಸು

ಎಳ್ಳುಕಾಳಿನ ಅರ್ಧದಷ್ಟೂ ಇಲ್ಲದ ಒಂದು ಬಿಳಿ ಚೂರು ಗುಮ್ಮಳಾಪುರದ ಆವುಲಪ್ಪನ ಮಾನ ಕಳೆಯಲು ಹೊರಟಿತ್ತು. ಅವನ ಕಿವಿ ಮಿಷಿನ್ನಿನ ತುದಿಯಲ್ಲಿ, ಗುಗ್ಗೆ ಒಳಗೆ ಹೋಗದಂತೆ ತಡೆಯುವ ಫಿಲ್ಟರ್ ಅದು. ಅದು ಕಟ್ಟಿಕೊಂಡರೆ ಮಿಷಿನ್ ಮೂಕ, ಆವುಲಪ್ಪ ಕಿವುಡ. ಅವತ್ತು ಬೆಳಿಗ್ಗೆ ಕಟ್ಟಿಕೊಂಡಿತ್ತು.

ಅವತ್ತೇ ಕಟ್ಟಿಕೊಳ್ಳಬೇಕೆ? ಮಗಳು ಶಾಂತಿಯ ಮದುವೆ ಮಾತಿಗೆ ಜವಳಗಿರಿಯಿಂದ ಬೀಗರು ಬರುವ ದಿನ. ಹುಡುಗ ಹುಡುಗಿ ಒಪ್ಪಿಯಾಗಿತ್ತು. ಮದುವೆ ಯಾವ ಊರಲ್ಲಿ ಎಂಬುದೊಂದೇ ಉಳಿದಿತ್ತು. ಗಂಡಿನ ಮನೆ ಮುಂದೆಯೇ ಚಪ್ಪರ ಹಾಕುವುದು ಬೀಗರ ವಾಡಿಕೆ. ಆದರೆ ಹೋದ ವರ್ಷ ಕಾಡಂಚಿನ ಜವಳಗಿರಿಯ ಒಂದು ಮದುವೆಗೆ ಆನೆಗಳು ಕರೆಯದೆ ಬಂದು ಚಪ್ಪರದ ಬಾಳೆಕಂಬ ತಿಂದು ಹೋಗಿದ್ದವು. ಹೆಂಡತಿ ರಾಮಕ್ಕನಿಗೆ ಆ ಭಯ ಒಂದು ಕಡೆ. ಮನೆಯಲ್ಲೇ ಹಾಸಿಗೆ ಹಿಡಿದಿರುವ ತಾಯಿ ಮೊಮ್ಮಗಳ ಧಾರೆ ನೋಡದೆ ಉಳಿಯುತ್ತಾಳಲ್ಲ ಎಂಬ ಸಂಕಟ ಇನ್ನೊಂದು ಕಡೆ.

ರಾಮಕ್ಕ ಗಂಡನ ಕಿವಿಗೇ ಬಾಯಿಟ್ಟು ಕೂಗಿದಳು. "ಜವಳಗಿರೀಲಿ ಮದ್ವೆ ಅಂದ್ರೆ ಆಗಲ್ಲ ಅನ್ನು, ತಿಳೀತಾ? ನಿಮ್ಮಣ್ಣನ ಮಗನ ಮಾತುಕತೇಲಿ ಏನೂ ಕೇಳಿಸ್ದೆ ಎಲ್ಲಕ್ಕೂ ಕೋಲೆ ಬಸವನಂಗೆ ತಲೆ ಆಡಿಸ್ಬುಟ್ಟೆ. ಇವತ್ತೂ ಹಂಗೇ ಮಾಡಿದ್ರೆ ನಿಂಗೆ ಮುದ್ದೆ ಇಕ್ಕಲ್ಲ!"

ಆವುಲಪ್ಪ ಹೊಸೂರಿನಿಂದ ತಂದಿದ್ದ ಫಿಲ್ಟರ್ ಡಬ್ಬಿ ತೆರೆದ. ಮೂರೇ ಕಡ್ಡಿ ಉಳಿದಿದ್ದವು. ಕಡ್ಡಿಯ ಒಂದು ತುದಿಯಿಂದ ಹಳೇ ಫಿಲ್ಟರ್ ಕಿತ್ತು, ತಿರುಗಿಸಿ, ಇನ್ನೊಂದು ತುದಿಯ ಹೊಸದನ್ನು ಕೂರಿಸಬೇಕು. ಆವುಲಪ್ಪ ಅವಸರಕ್ಕೆ ಹಳೆಯದನ್ನು ಕೀಳದೆ ಹೊಸದನ್ನೇ ಒತ್ತಿದ. ಅದು ಹಾರಿಹೋಗಿ ಎಲ್ಲಿ ಬಿತ್ತೋ ತಿಳಿಯಲಿಲ್ಲ.

ಗೋಡೆಯಾಚೆಯಿಂದ ಪಕ್ಕದ ಮನೆ ಸುಬ್ರಮಣಿಯ ತಲೆ ಮೇಲೆದ್ದಿತು. ಹೊಸೂರಿನ ಫ್ಯಾಕ್ಟರಿಯೊಂದರಲ್ಲಿ ಮೈಂಟೆನೆನ್ಸ್ ಕೆಲಸ ಅವನದು. ಲೋಕದಲ್ಲಿ ಕೆಟ್ಟದ್ದೆಲ್ಲ ತನಗಾಗಿಯೇ ಕೆಡುತ್ತದೆ ಎಂದು ನಂಬಿದವನು.

"ಬುಡು ಮಾಮ, ಕಂಪ್ನೀಲಿ ಕಂಪ್ರೆಸರ್ ಫಿಲ್ಟರೇ ನಾನು ಬದ್ಲಾಯ್ಸದು. ಇದ್ಯಾವ ಲೆಕ್ಕ?" ಎನ್ನುತ್ತ ಒಳಗೆ ಬಂದ. ಹಳೆಯದನ್ನೇನೋ ಲಕ್ಷಣವಾಗಿ ಕಿತ್ತ. ಕಡ್ಡಿ ತಿರುಗಿಸುವಾಗ ಸೀನು ಬಂತು. ಹೊಸ ಫಿಲ್ಟರ್ ಹೋಗಿ ರಾಮಕ್ಕ ಬೀಗರೂಟಕ್ಕೆಂದು ಆರಿಸುತ್ತಿದ್ದ ಮೊರದ ಅಕ್ಕಿಯಲ್ಲಿ ಬಿತ್ತು.

ಅಷ್ಟರಲ್ಲಿ ಎದುರುಮನೆ ಅಕ್ಕಯಮ್ಮ ಬಿಸಿ ಎಣ್ಣೆಯ ಸೌಟು ಹಿಡಿದು ಬಂದೇಬಿಟ್ಟಳು. "ಮಿಷಿನ್ನೂ ಬ್ಯಾಡ ಗಿಷಿನ್ನೂ ಬ್ಯಾಡ ಕಣ್ಲಾ ಆವುಲಾ. ಬೆಳ್ಳುಳ್ಳಿ ಎಣ್ಣೆ ಬುಟ್ರೆ ಕಿವಿ ತಾನಾಗೇ ಬಿಟ್ಕತ್ತದೆ. ಬುಡ್ಲಾ?"

ಆವುಲಪ್ಪ ನಗುತ್ತ ತಲೆಯಾಡಿಸಿದ. ರಾಮಕ್ಕ ಓಡಿಬಂದು ಸೌಟು ಹಿಡಿಯದಿದ್ದರೆ ಅವನ ಕಿವಿ ಒಗ್ಗರಣೆಯಾಗುತ್ತಿತ್ತು.

ಎಲ್ಲರೂ ಮೊರದ ಸುತ್ತ ಕೂತು ಹುಡುಕಿದರು. "ಸಿಕ್ತು!" ಎಂದಳು ಅಕ್ಕಯಮ್ಮ. ಸುಬ್ರಮಣಿ ಅದನ್ನು ಒತ್ತಿ ಕೂರಿಸಿದ. ಸರಿಯಾಗಿ ಕೂತರೆ ಪಿಟಕ್ ಎನ್ನಬೇಕು, ಎನ್ನಲಿಲ್ಲ. ನೋಡಿದರೆ ಅದು ಅಕ್ಕಿ ನುಚ್ಚು. ಸೂಜಿಯಲ್ಲಿ ಅದನ್ನು ಕೀಳುವ ಹೊತ್ತಿಗೆ ಆವುಲಪ್ಪನಿಗೆ ಬೆವರು ಇಳಿಯುತ್ತಿತ್ತು.

ಉಳಿದದ್ದು ಒಂದೇ ಕಡ್ಡಿ. ಸುಬ್ರಮಣಿ ಮೂಗು ಹಿಡಿದುಕೊಂಡು ಕೂರಿಸಿದ. ಮಿಷಿನ್ ಕಿವಿಗೇರಿದ್ದೇ ತಡ ಕೋಳಿ, ಕುಕ್ಕರು, ರಾಮಕ್ಕನ ಗೊಣಗಾಟ ಎಲ್ಲ ಒಟ್ಟಿಗೆ ನುಗ್ಗಿದವು.

"ಕೇಳಿಸ್ತದೆ ಕಣೇ, ಕೂಗ್ಬೇಡ!" ಎಂದು ಆವುಲಪ್ಪ ಕುಣಿದಾಡಿದ.

ಬೀಗರು ಬಂದರು. ಹುಡುಗನ ತಂದೆ ಅಂಜನಪ್ಪ ಮಂಚದ ಮೇಲೆ ಕೂತರು. ಆವುಲಪ್ಪ ಗಂಟಲು ಸರಿಮಾಡಿಕೊಂಡು, "ಬೀಗ್ರೇ, ಮದ್ವೆ ನಮ್ಮೂರಲ್ಲೇ ಇಟ್ಕಳಣ. ನಮ್ಮತ್ತೆ ಹಾಸಿಗೆ ಬುಟ್ಟು ಏಳಲ್ಲ" ಎಂದ.

"ಕಾಪಿ ಚೆನ್ನಾಗದೆ" ಎಂದರು ಅಂಜನಪ್ಪ.

ಆವುಲಪ್ಪ ಇನ್ನೊಮ್ಮೆ ಹೇಳಿದ. ಅಂಜನಪ್ಪ ನಾಚಿಕೊಂಡು ತಮ್ಮ ಕಿವಿಯಿಂದ ಒಂದು ಮಿಷಿನ್ ತೆಗೆದು ತೋರಿಸಿದರು. "ತಪ್ಪು ತಿಳೀಬ್ಯಾಡಿ ಬೀಗ್ರೇ, ನಿನ್ನೆಯಿಂದ ಸತ್ತೋಗದೆ. ಒಂದಕ್ಷರ ಕೇಳಿಸ್ತಿಲ್ಲ." ಹಿರಿಯರ ಕಿವಿಗೆ ಮಾತು ಬೀಳದೆ ಅವರ ಕಡೆಯವರು ಯಾರೂ ಬಾಯಿ ಬಿಡುವಂತಿರಲಿಲ್ಲ.

ಸುಬ್ರಮಣಿಯ ಕಣ್ಣು ಮಿಂಚಿದವು. "ಸೇಮ್ ಮಾಡೆಲ್ಲು! ಕಡ್ಡಿ ಖಾಲಿ. ನಿಮ್ದು ಕಿತ್ತು ಅವ್ರಿಗೆ ಹಾಕಣ ಮಾಮ. ಮನೆಗೆ ಬಂದಿರೋ ಬೀಗರಿಗೆ ಇಲ್ಲ ಅಂತೀರಾ?"

ಬೀಗರಿಗೆ ಇಲ್ಲ ಎನ್ನುವ ಧೈರ್ಯ ಯಾವ ಹೆಣ್ಣಿನ ತಂದೆಗಿದೆ? ಹೊಸ ಫಿಲ್ಟರ್ ಅಂಜನಪ್ಪನವರ ಮಿಷಿನ್ ಸೇರಿತು. ಅಲ್ಲಿಗೇ ಬಿಟ್ಟಿದ್ದರೆ ಚಿಂತೆಯಿರಲಿಲ್ಲ. ಫಿಲ್ಟರ್ ಇಲ್ಲದಿದ್ದರೂ ಆವುಲಪ್ಪನ ಮಿಷಿನ್ ಅವತ್ತಿನ ಮಟ್ಟಿಗೆ ಮಾತಾಡುತ್ತಿತ್ತು. ಆದರೆ ಸುಬ್ರಮಣಿ ಬಿಡಬೇಕಲ್ಲ! "ಫಿಲ್ಟರ್ ಇಲ್ದೆ ಮಿಷಿನ್ ಓಡಿಸ್ಬಾರ್ದು. ಕಂಪ್ನಿ ರೂಲು" ಎಂದವನೇ ಅಂಜನಪ್ಪನವರ ಗುಗ್ಗೆ ಕಟ್ಟಿದ ಹಳೇ ಫಿಲ್ಟರನ್ನು ಆವುಲಪ್ಪನ ಮಿಷಿನ್ನಿಗೆ ಬಿಗಿಯಾಗಿ ಒತ್ತಿದ.

ಕೋಳಿ, ಕುಕ್ಕರು, ಲೋಕವೆಲ್ಲ ಮತ್ತೆ ಮೌನವಾಯಿತು.

ಅತ್ತ ಅಂಜನಪ್ಪನವರ ಮುಖ ಅರಳಿತು. ಅವರ ಕಡೆಯ ಒಬ್ಬರು ಆವುಲಪ್ಪನ ಮಾತನ್ನು ಅವರಿಗೆ ತಿಳಿಸಿದಂತಿತ್ತು. ಅವರು ಮುದುಕಿ ಮಲಗಿದ್ದ ಒಳಕೋಣೆಯ ಕಡೆ ನೋಡಿದರು, ಯೋಚಿಸಿದರು, ಆವುಲಪ್ಪನ ಕಡೆ ತಿರುಗಿ ಏನೋ ಕೇಳಿದರು. ಎಲ್ಲರ ಕಣ್ಣೂ ಅವನ ಮೇಲೆ.

ಏನು ಕೇಳಿದರು? ಇನ್ನೊಮ್ಮೆ ಹೇಳಿ ಎನ್ನಲು ನಾಚಿಕೆ. ತಲೆಯಾಡಿಸಿದರೆ ಮುದ್ದೆ ಇಲ್ಲ. ಆವುಲಪ್ಪ ಕಣ್ಣು ಮುಚ್ಚಿ ಕುಲದೇವರನ್ನು ನೆನೆದು, ಮಂಚ ಗುದ್ದಿ ಗುಡುಗಿದ. "ಆಗಲ್ಲ! ಸುತಾರಾಂ ಆಗಲ್ಲ!"

ಅಂಜನಪ್ಪ ಬೆರಗಾಗಿ ನೋಡಿದರು. ಆಮೇಲೆ ಎದ್ದು ಬಂದು ಅವನನ್ನು ತಬ್ಬಿಕೊಂಡರು. ವೀಳ್ಯದ ತಟ್ಟೆ ಬದಲಾದವು. ಗಂಡಸರು ಆಡಿದ ಮಾತಿನ ಮೇಲೆ ಬೀಗರೆದುರು ಮಾತಾಡುವಂತಿಲ್ಲದ ರಾಮಕ್ಕ ಹೊಸ್ತಿಲ ಮೇಲೆ ಕುಸಿದು ಕೂತಿದ್ದಳು. ಆನಂದಕ್ಕಿರಬೇಕು ಎಂದುಕೊಂಡ ಆವುಲಪ್ಪ.

ಬೀಗರು ಊಟ ಮುಗಿಸಿ ಹೊರಟ ಮೇಲೆ ಅವಳು ಬಂದು ಅವನ ಕಿವಿಗೆ ಬಾಯಿಟ್ಟಳು. "ಮದ್ವೆ ನಿಮ್ಮೂರಲ್ಲೇ ಮಾಡಣ, ಆಗಬೋದಾ ಅಂತ ಕೇಳಿದ್ರು ಕಣಯ್ಯಾ ಅವ್ರು! ನೀನು ಆಗಲ್ಲ ಅಂದೆ. ನಮ್ ವಾಡಿಕೆ ಉಳಿಸಿದ ದೊಡ್ಡ ಮನ್ಸ ಅಂತ ಹೊಗಳಿ, ಜವಳಗಿರೀಗೇ ಗೊತ್ತು ಮಾಡ್ಕಂಡು ಹೋದ್ರು!"

ಆವುಲಪ್ಪ ಕಣ್ಣು ಕಣ್ಣು ಬಿಟ್ಟ. "ಮತ್ತೆ ಆಗಲ್ಲ ಅನ್ನು ಅಂತ ನೀನೇ ಹೇಳ್ದಲ್ಲೇ?"

ಅದಕ್ಕೆ ರಾಮಕ್ಕ ಕೊಟ್ಟ ಉತ್ತರ ಬಹಳ ಹೊತ್ತು ನಡೆಯಿತು. ಬೀದಿಯವರೆಲ್ಲ ಕೇಳಿಸಿಕೊಂಡರು, ಆವುಲಪ್ಪನೊಬ್ಬನನ್ನು ಬಿಟ್ಟು.